ನಗರ ಯೋಜಕನು ಮುದ್ರೆಯೊತ್ತುವ ಗುಮಾಸ್ತನೆ?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬಡಾವಣೆಯ ತಗ್ಗಿನ ಬೀದಿಯಲ್ಲಿ ಮೊಳಕಾಲುದ್ದ ನೀರು ನಿಂತಿತು. ಚರಂಡಿಯ ನೀರು ಮನೆಗಳೊಳಕ್ಕೆ ನುಗ್ಗಿ ಅಕ್ಕಿಯ ಚೀಲವನ್ನೂ ಹಾಸಿಗೆಯನ್ನೂ ಮಕ್ಕಳ ಪುಸ್ತಕಗಳನ್ನೂ ತೋಯಿಸಿಬಿಟ್ಟಿತು. ಬೆಳಗಾದ ಮೇಲೆ ಅಲ್ಲಿ ನೆರೆದವರಲ್ಲಿ ವೃದ್ಧರೊಬ್ಬರು, “ಇದು ಬೀದಿಯಲ್ಲವಪ್ಪ, ಮೇಲಿನ ಕೆರೆಯ ಕೋಡಿಹಳ್ಳ. ನಾನು ಹುಡುಗನಾಗಿದ್ದಾಗ ಇಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದೆ” ಎಂದರು. ಹಳ್ಳದ ಮೇಲೆ ನಿವೇಶನಗಳನ್ನು ಬಿಡಿಸಲು ಒಪ್ಪಿಗೆಯಿತ್ತವರು ಯಾರೆಂದು ತಿಳಿಯಬೇಕೆಂದು ನಾವು ನಾಲ್ವರು ಹೊರಟೆವು. ಮೊದಲನೆಯ ಕಚೇರಿಯಲ್ಲಿ, ಬಡಾವಣೆಯ ನಕ್ಷೆ ತಮ್ಮದಲ್ಲ, ಪ್ರಾಧಿಕಾರದ್ದು ಎಂದರು. ಎರಡನೆಯದರಲ್ಲಿ, ಚರಂಡಿಯ ವಿಚಾರ ನಗರಸಭೆಗೆ ಸೇರಿದುದೆಂದರು. ಮೂರನೆಯದರಲ್ಲಿ, ಹಳ್ಳವೆಂದರೆ ಕಂದಾಯದವರನ್ನು ಕೇಳಬೇಕೆಂದರು. ಕಡೆಗೆ ಯೋಜನಾ ಶಾಖೆಯ ಹಿರಿಯ ಅಧಿಕಾರಿಗಳನ್ನು ಕಂಡೆವು. ಅವರು ಸಭ್ಯರು. ನಮ್ಮನ್ನು ಕುಳ್ಳಿರಿಸಿ, ಮೇಜಿನ ಮೇಲಿನ ಕಡತಗಳ ರಾಶಿಯನ್ನು ತೋರಿಸಿ, “ಸ್ವಾಮಿ, ಇವೆಲ್ಲ ಮನೆ ಕಟ್ಟುವ ಪರವಾನಗಿಯ ಅರ್ಜಿಗಳು. ಇವಕ್ಕೆ ಮುದ್ರೆಯೊತ್ತುವುದರಲ್ಲಿಯೇ ಹೊತ್ತು ಮುಳುಗುತ್ತದೆ. ಊರನ್ನು ನೋಡುವುದಕ್ಕೆ ನನಗೆ ಬಿಡುವೆಲ್ಲಿ?” ಎಂದರು.

ಆ ಉತ್ತರವೇ ಈ ಲೇಖನಕ್ಕೆ ಕಾರಣ. ಊರನ್ನು ನೋಡುವುದಕ್ಕೆಂದೇ ನೇಮಕವಾದ ಅಧಿಕಾರಿಗೆ ಊರನ್ನು ನೋಡಲು ಬಿಡುವಿಲ್ಲವೆಂದರೆ, ತಪ್ಪು ಆತನದಕ್ಕಿಂತ ಹೆಚ್ಚಾಗಿ ಆತನನ್ನು ಆ ಸ್ಥಿತಿಗೆ ತಂದ ನಮ್ಮ ಏರ್ಪಾಡಿನದು. ಈ ಏರ್ಪಾಡು ತಪ್ಪೆಂದೂ, ಅದನ್ನು ತಿದ್ದುವುದು ಪೌರರ ಕೈಯಲ್ಲಿದೆಯೆಂದೂ ವಾಚಕರ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ನಗರ ಯೋಜಕನ ಕಾರ್ಯವೇನು? ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಆಯಗಾರನಿದ್ದನಷ್ಟೆ. ಕೆರೆಯಲ್ಲಿ ಎಷ್ಟು ನೀರಿದೆ, ಯಾವ ತೂಬನ್ನು ಎಂದು ಎತ್ತಬೇಕು, ಅಚ್ಚುಕಟ್ಟಿನ ಕಡೆಯ ಗದ್ದೆಗೆ ನೀರು ಮುಟ್ಟಿತೆ ಎಂಬುದನ್ನು ಆತನು ಬಲ್ಲವನಾಗಿದ್ದನು. ಆತನು ಊರಿನ ಯಜಮಾನನಲ್ಲ. ಒಂದು ಗದ್ದೆಯ ಒಡೆಯನೂ ಅಲ್ಲ. ಆದರೆ ಒಬ್ಬೊಬ್ಬ ರೈತನು ತನ್ನ ತನ್ನ ಗದ್ದೆಯನ್ನು ನೋಡುತ್ತಿದ್ದಾಗ ಆತನೊಬ್ಬನು ಮಾತ್ರ ಇಡೀ ಅಚ್ಚುಕಟ್ಟನ್ನು ನೋಡುತ್ತಿದ್ದನು. ಪಟ್ಟಣಕ್ಕೆ ಯೋಜಕನು ಹಾಗೆ. ಮನೆಯವನು ತನ್ನ ನಿವೇಶನವನ್ನು ನೋಡುತ್ತಾನೆ. ವಾರ್ಡಿನ ಸದಸ್ಯರು ತಮ್ಮ ವಾರ್ಡನ್ನು ನೋಡುತ್ತಾರೆ. ಎಂಜಿನಿಯರು ತಮಗೆ ಒಪ್ಪಿಸಿದ ರಸ್ತೆಯನ್ನೋ ಸೇತುವೆಯನ್ನೋ ನೋಡುತ್ತಾರೆ. ಮೇಲಣ ವಾರ್ಡಿನ ಮಳೆಯ ನೀರು ಕೆಳಗಣ ವಾರ್ಡಿನ ಯಾರ ಬಾಗಿಲಿಗೆ ಬಂದೀತು, ಇನ್ನು ಇಪ್ಪತ್ತು ವರ್ಷಕ್ಕೆ ಊರು ಯಾವ ದಿಕ್ಕಿಗೆ ಬೆಳೆದೀತು, ಅಲ್ಲಿ ಶಾಲೆಗೂ ಸಂತೆಗೂ ರುದ್ರಭೂಮಿಗೂ ಸ್ಥಳವೆಲ್ಲಿ ಎಂಬುದನ್ನೆಲ್ಲ ಒಟ್ಟಿಗೆ ನೋಡಬೇಕಾದವನು ಆತನೊಬ್ಬನೆ.

ಈ ಶಾಸ್ತ್ರ ನಮಗೆ ಹೊಸದೇನೂ ಅಲ್ಲ. ಬೊಂಬಾಯಿಯಲ್ಲಿ ೧೮೯೬ರಲ್ಲಿ ಪ್ಲೇಗು ತಲೆದೋರಿದ ಮೇಲೆ ೧೮೯೮ರಲ್ಲಿ ಆ ನಗರದ ಸುಧಾರಣೆಗಾಗಿ ಒಂದು ಮಂಡಲಿಯನ್ನು ಕಾಯಿದೆಯ ಮೂಲಕ ನಿರ್ಮಿಸಿದರು. ಅದೇ ಮಾರಿ ೧೮೯೮ರಲ್ಲಿ ಬೆಂಗಳೂರಿಗೂ ಬಂದಿತು. ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳು ತುಂಬಿದುದು ಆ ಕಾಲದ ಭಯದಿಂದ. ಮೈಸೂರಿನಲ್ಲಿ ೧೯೦೩ರಲ್ಲಿಯೇ ನಗರಾಭಿವೃದ್ಧಿಯ ವಿಶ್ವಸ್ತ ಮಂಡಲಿ ಏರ್ಪಟ್ಟಿತು. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರು ಮಡಿದಾಗ, ನಮ್ಮ ವಿಶ್ವೇಶ್ವರಯ್ಯನವರನ್ನು ಅಲ್ಲಿಗೆ ಕರೆಸಿಕೊಂಡರು. ಅವರು ಮುರಿದ ಸೇತುವೆಗಳ ಲೆಕ್ಕವನ್ನಷ್ಟೆ ಬರೆದು ಹಿಂದಿರುಗಲಿಲ್ಲ. ನದಿಯು ಹುಟ್ಟಿಬರುವ ಜಲಾನಯನವನ್ನೆಲ್ಲ ಪರಿಶೀಲಿಸಿ, ನಗರದ ಮೇಲುಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸೂಚನೆಯ ಫಲ. ಊರಿನ ನೀರಿನ ಕಷ್ಟಕ್ಕೆ ಪರಿಹಾರವು ಊರಿನ ಹೊರಗೆ ಇರಬಹುದೆಂಬುದು ಆಗ ತಿಳಿದಿತ್ತು. ನಮ್ಮ ತಗ್ಗಿನ ಬೀದಿಗೆ ನೀರು ನುಗ್ಗಿದಾಗಲೋ, ಮಾರನೆಯ ದಿನ ಬಂದುದು ಒಂದು ಲಾರಿ ಜಲ್ಲಿ.

ಇನ್ನೊಂದು ನಿದರ್ಶನವನ್ನು ಹೇಳಬೇಕು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ವಿದ್ವಾಂಸರು ೧೯೧೪ರಲ್ಲಿ ಭಾರತಕ್ಕೆ ಬಂದು ಅನೇಕ ಪಟ್ಟಣಗಳನ್ನು ಕುರಿತು ವರದಿಗಳನ್ನು ಬರೆದರು. ಮದರಾಸು ಪ್ರಾಂತ್ಯದ ಪಟ್ಟಣಗಳನ್ನು ಕುರಿತ ವರದಿಯಲ್ಲಿ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಉಂಟು. ಅವರು ವಾಸ್ತವವಾಗಿ ಜೀವಶಾಸ್ತ್ರಜ್ಞರು. ಲೇಖನಿಯನ್ನು ಹಿಡಿಯುವುದಕ್ಕೆ ಮುಂಚೆ ಬೀದಿಬೀದಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕೆಂಬುದು ಅವರ ಕ್ರಮ. ಹಳೆಯ ಊರಿನ ಹೃದಯವನ್ನು ಸೀಳಿ ನೇರವಾದ ರಸ್ತೆಯನ್ನು ಹಾಯಿಸುವ ಅಂದಿನ ಪದ್ಧತಿಯನ್ನು ಅವರು ಖಂಡಿಸಿದರು. ಬಿದ್ದುಹೋಗುವ ನಾಲ್ಕು ಗೋಡೆಗಳನ್ನು ತೆಗೆದು, ಬಾವಿಯ ಸುತ್ತ ಒಂದು ಅಂಗಳವನ್ನು ಬಿಡಿಸಿ, ಉಳಿದುದನ್ನು ಉಳಿಸುವುದು ಅವರ ಚಿಕಿತ್ಸೆ. ಸೊಳ್ಳೆಯ ಭಯದಿಂದ ಕೆರೆಗಳನ್ನು ಮುಚ್ಚಬೇಕೆಂದವರಿಗೆ, ಮೀನುಗಳನ್ನೂ ಬಾತುಗಳನ್ನೂ ಬಿಡಿರಿ, ಕೆರೆಯನ್ನು ಬಿಡಬೇಡಿರಿ ಎಂಬ ಅರ್ಥದ ಸಲಹೆಯನ್ನು ಕೊಟ್ಟರು. ಬೆಂಗಳೂರಿನ ಧರ್ಮಾಂಬುಧಿಯು ಬಸ್ಸು ನಿಲ್ದಾಣವಾದುದನ್ನೂ ಸಂಪಂಗಿ ಕೆರೆಯು ಕ್ರೀಡಾಂಗಣವಾದುದನ್ನೂ ಬಲ್ಲ ನಮಗೆ ಆ ಸಲಹೆಯ ಬೆಲೆ ಈಗ ಅರಿವಾಗಬೇಕು. ಯೋಜಕನೆಂದರೆ ಗೆರೆಯೆಳೆಯುವವನಲ್ಲ, ಊರನ್ನು ಓದಬಲ್ಲವನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೀಗಿದ್ದ ಪದವಿಯು ಮುದ್ರೆಯೊತ್ತುವ ಮಟ್ಟಕ್ಕೆ ಇಳಿದುದು ಹೇಗೆ? ಮೂಲದೋಷವು ಆ ವಿಶ್ವಸ್ತ ಮಂಡಲಿಗಳ ಕಾಲದಲ್ಲಿಯೇ ಹುಟ್ಟಿತೆಂದು ತೋರುತ್ತದೆ. ಪ್ಲೇಗಿನ ತುರ್ತಿನಲ್ಲಿ, ಪೌರಸಭೆಗಳಿಂದ ಈ ಕೆಲಸವಾಗದೆಂದು ಅದನ್ನು ಬೇರೊಂದು ಮಂಡಲಿಗೆ ಒಪ್ಪಿಸಿದರು. ತುರ್ತು ಕಳೆಯಿತು; ಏರ್ಪಾಡು ಮಾತ್ರ ಶಾಶ್ವತವಾಯಿತು. ಬೆಂಗಳೂರಿಗೆ ೧೯೪೫ರಲ್ಲಿ ಅಂತಹುದೇ ಮಂಡಲಿ, ೧೯೭೬ರಲ್ಲಿ ಅದರ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರ. ಇತರ ನಗರಗಳಿಗೆ ೧೯೮೭ರ ಕಾಯಿದೆಯ ಮೇರೆಗೆ ಅಂತಹವೇ ಪ್ರಾಧಿಕಾರಗಳು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಪ್ರತಿಯೊಂದು ಯೋಜನಾ ಪ್ರದೇಶಕ್ಕೂ ಮಹಾಯೋಜನೆಯೊಂದು ಇರಬೇಕೆಂದೂ ಅದನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದೂ ವಿಧಿಸಿದೆ. ಉದ್ದೇಶ ಒಳ್ಳೆಯದೆ. ಆದರೆ ನಕ್ಷೆಯನ್ನು ಬರೆಯುವ ಪ್ರಾಧಿಕಾರದ ಅಧ್ಯಕ್ಷರನ್ನು ನೇಮಿಸುವುದು ಸರಕಾರ. ನಕ್ಷೆಯ ಫಲವನ್ನು ಉಣ್ಣುವುದು ಊರು. ಬೈಗುಳವನ್ನು ತಿನ್ನುವುದು ನಗರಸಭೆ.

೧೯೯೨ರಲ್ಲಿ ನಮ್ಮ ಸಂವಿಧಾನಕ್ಕೆ ೭೪ನೆಯ ತಿದ್ದುಪಡಿಯಾಗಿ ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಅದರಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ ೧೮ ವಿಷಯಗಳನ್ನು ಹೇಳಿದೆ. ಆ ಪಟ್ಟಿಯ ಮೊದಲನೆಯ ವಿಷಯ ಯಾವುದು? ಬೀದಿದೀಪವಲ್ಲ, ಕಸವಲ್ಲ, ನಗರ ಯೋಜನೆ. ಆದರೆ ಎಷ್ಟು ಅಧಿಕಾರವನ್ನು ಕೊಡಬೇಕೆಂಬುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಕೊಡುವವನ ಇಷ್ಟಕ್ಕೆ ಬಿಟ್ಟ ದಾನವು ಎಷ್ಟು ಬರುವುದೆಂದು ಬೇರೆ ಹೇಳಬೇಕೆ? ನಮ್ಮ ಮಹಾನಗರಪಾಲಿಕೆಗಳ ೧೯೭೬ರ ಕಾಯಿದೆಯಲ್ಲಿ ನಗರ ಯೋಜನೆಗಾಗಿ ಒಂದು ಸ್ಥಾಯಿ ಸಮಿತಿಯೇ ಇದೆ. ಸಮಿತಿ ಪಾಲಿಕೆಯಲ್ಲಿ, ನಕ್ಷೆ ಪ್ರಾಧಿಕಾರದಲ್ಲಿ, ಅನುಮೋದನೆ ಸರಕಾರದಲ್ಲಿ. ಯೋಜಕನು ಸಾಮಾನ್ಯವಾಗಿ ರಾಜ್ಯದ ಇಲಾಖೆಯಿಂದ ಎರವಲಾಗಿ ಬಂದವನು, ವರ್ಗದ ಆಜ್ಞೆ ಬಂದ ದಿನ ಪೆಟ್ಟಿಗೆ ಕಟ್ಟತಕ್ಕವನು. ಊರಿನ ಹಳ್ಳದ ಹೆಸರನ್ನು ಆತನು ಕಲಿಯುವುದೆಂದು?

ರಾಜಧಾನಿಯ ಉದಾಹರಣೆಯನ್ನು ನೋಡೋಣ. ೨೦೦೭ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ೨೦೧೫ನೆಯ ಇಸವಿಗೆಂದು ಬರೆದುದು. ಮುಂದಿನ ಯೋಜನೆಯ ಕರಡು ೨೦೧೭ರಲ್ಲಿ ಪ್ರಕಟವಾಯಿತು. ಬಳಿಕ ಅದನ್ನು ಹಿಂದಕ್ಕೆ ಪಡೆದರು. ಆದುದರಿಂದ ೨೦೧೫ ಕಳೆದು ವರ್ಷಾನುಗಟ್ಟಲೆ ಆ ನಗರವು ಹಳೆಯ ನಕ್ಷೆಯ ಮೇಲೆಯೇ ಬೆಳೆಯಿತು. ಕೆರೆಗೂ ರಾಜಕಾಲುವೆಗೂ ಎಷ್ಟು ದೂರದಲ್ಲಿ ಮನೆ ಕಟ್ಟಬಹುದೆಂಬ ಪ್ರಶ್ನೆಯನ್ನು ನ್ಯಾಯಾಲಯಗಳು ತೀರ್ಮಾನಿಸಬೇಕಾಯಿತು. ೨೦೧೬ರಲ್ಲಿ ಹಸುರು ನ್ಯಾಯಮಂಡಲಿಯು ಕೆರೆಯ ಸುತ್ತ ೭೫ ಮೀಟರು ಬಿಡಬೇಕೆಂದಿತು. ೨೦೧೯ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ, ಮಹಾಯೋಜನೆಯಲ್ಲಿದ್ದ ೩೦ ಮೀಟರನ್ನೇ ನಿಲ್ಲಿಸಿತು. ಮೂರು ವರ್ಷ ಕಳೆದು ೨೦೨೨ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವಭಾಗದ ಶ್ರೀಮಂತ ಬಡಾವಣೆಗಳಲ್ಲಿಯೂ ದೋಣಿಗಳು ಓಡಾಡಿದುವು. ನೀರು ಯಾರ ತೀರ್ಪನ್ನೂ ಓದಿ ಬರಲಿಲ್ಲ. ತನ್ನ ಹಳೆಯ ದಾರಿಯನ್ನು ಹಿಡಿದು ಬಂದಿತು. ಆ ಸಮಯದಲ್ಲಿ ಜನರು ಚುನಾಯಿಸಿದ ಪಾಲಿಕೆಯೇ ಇರಲಿಲ್ಲ. ೨೦೨೦ರ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿದಿತ್ತು. ೨೦೨೫ರಲ್ಲಿ ಆ ಮಹಾನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು. ಮನೆಯನ್ನು ಪಾಲು ಮಾಡುವುದು ಸುಲಭ. ಐದು ಪಾಲಿಗೂ ಹರಿಯುವ ಹಳ್ಳ ಒಂದೇ ಎಂಬುದನ್ನು ನೆನಪಿಡುವವರು ಬೇಕು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಎಂಜಿನಿಯರಿರುವಾಗ ಯೋಜಕನು ಬೇರೆ ಏತಕ್ಕೆ ಎಂಬುದು. ಎಂಜಿನಿಯರಿಂಗ್ ವಿದ್ಯೆಯ ಮೇಲೆ ನನಗೆ ಗೌರವವುಂಟು. ಮೇಲೆ ಹೆಸರಿಸಿದ ಮಹನೀಯರೇ ಎಂಜಿನಿಯರು. ಆದರೆ ರಸ್ತೆಯನ್ನು ಹೇಗೆ ಹಾಕಬೇಕೆಂಬುದು ಒಂದು ಪ್ರಶ್ನೆ, ಅಲ್ಲಿ ರಸ್ತೆ ಬೇಕೆ ಎಂಬುದು ಮತ್ತೊಂದು. ಮೊದಲನೆಯದನ್ನು ಚೆನ್ನಾಗಿ ಬಲ್ಲವರು ಎರಡನೆಯದನ್ನೂ ಬಲ್ಲರೆಂಬ ಭರವಸೆಯಿಲ್ಲ. ೨೦೨೧ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯ ಪ್ರಕಾರ, ದೇಶದ ರಾಜ್ಯಗಳ ಯೋಜನಾ ಇಲಾಖೆಗಳಿಗೆ ೧೨,೦೦೦ಕ್ಕೂ ಹೆಚ್ಚು ಯೋಜಕರು ಬೇಕು; ಮಂಜೂರಾದ ಹುದ್ದೆಗಳು ೪,೦೦೦ಕ್ಕೂ ಕಡಮೆ; ಅವುಗಳಲ್ಲಿಯೂ ಅರ್ಧದಷ್ಟು ಖಾಲಿ. ಇದಕ್ಕಿಂತ ವಿಚಿತ್ರವೇನೆಂದರೆ, ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ಯೋಜನಾಶಾಸ್ತ್ರದ ಪದವಿಯು ಅವಶ್ಯವೇ ಅಲ್ಲ. ವೈದ್ಯನಲ್ಲದವನನ್ನು ಆಸ್ಪತ್ರೆಗೆ ನೇಮಿಸಿದರೆ ನಾವು ಸಹಿಸುತ್ತೇವೆಯೆ?

ಎರಡನೆಯದು, ಬೇಕಾದಾಗ ಹೊರಗಿನ ಸಲಹೆಗಾರ ಸಂಸ್ಥೆಗಳಿಂದ ನಕ್ಷೆಯನ್ನು ಬರೆಸಿಕೊಳ್ಳಬಹುದಲ್ಲ ಎಂಬುದು. ಬರೆಸಿಕೊಳ್ಳಬಹುದು. ಬೆಂಗಳೂರಿನ ೨೦೧೫ರ ಯೋಜನೆಗೆ ಫ್ರಾನ್ಸ್ ದೇಶದ ಸಂಸ್ಥೆಯೊಂದರ ನೆರವು ದೊರೆತಿತ್ತು. ಪರಿಣತರ ಕೈಗೆ ಕೊಡುವುದು ಅಪರಾಧವಲ್ಲ. ಆದರೆ ಸಲಹೆಗಾರನು ನಕ್ಷೆಯನ್ನು ಒಪ್ಪಿಸಿ, ಹಣವನ್ನು ಪಡೆದು, ಹೊರಟುಹೋಗುತ್ತಾನೆ. ಮರುವರ್ಷ ಹಸುರು ಬಣ್ಣದ ಜಾಗವೊಂದನ್ನು ಹಳದಿಯಾಗಿ ಬದಲಿಸಬೇಕೆಂಬ ಅರ್ಜಿ ಬಂದಾಗ, ಅದು ಹಸುರಾಗಿದ್ದುದು ಏತಕ್ಕೆಂದು ಹೇಳುವವರು ಊರಿನಲ್ಲಿ ಯಾರೂ ಉಳಿದಿರುವುದಿಲ್ಲ. ಮದುವೆಗೆ ಅಡಿಗೆಯವರನ್ನು ಕರೆಸಬಹುದು. ದಿನದ ಅಡಿಗೆಯನ್ನು ಮನೆಯವರೇ ಮಾಡಬೇಕು.

ಮೂರನೆಯ ಆಕ್ಷೇಪವು ಗಂಭೀರವಾದುದು. ಚುನಾಯಿತನಲ್ಲದ ಅಧಿಕಾರಿಗೆ ಬಲವನ್ನು ಕೊಟ್ಟರೆ ಆತನು ನಿರಂಕುಶನಾಗುವುದಿಲ್ಲವೆ? ಪ್ರಜೆಗಳ ಪ್ರತಿನಿಧಿಗಳ ಮೇಲೆ ಪರಿಣತನ ಆಳ್ವಿಕೆಯನ್ನು ಹೇರಬಹುದೆ? ಈ ಭಯ ನ್ಯಾಯವಾದುದು. ನಾನು ಆತನಿಗೆ ತೀರ್ಮಾನದ ಅಧಿಕಾರವನ್ನು ಕೇಳುತ್ತಲೂ ಇಲ್ಲ. ಆತನಿಗೆ ಮಾತಿನ ಅಧಿಕಾರವಿರಲಿ; ತೀರ್ಮಾನವು ಸಭೆಯದಾಗಿರಲಿ. ಆತನು ಬೇಡವೆಂದ ಬಡಾವಣೆಯನ್ನು ಸಭೆಯು ಬೇಕೆನ್ನಬಹುದು. ಆದರೆ ಏತಕ್ಕೆ ಬೇಕೆಂಬುದನ್ನು ನಿರ್ಣಯದಲ್ಲಿ ಬರೆಯಬೇಕು. ಆತನು ಬೇಡವೆಂದ ಕಾರಣವೂ ಅದರ ಪಕ್ಕದಲ್ಲಿಯೇ ಇರಬೇಕು. ಇಂದು ನಡೆಯುತ್ತಿರುವುದು ಇದಕ್ಕೆ ವಿಪರೀತ. ಬಾಯಿಮಾತಿನ ಒತ್ತಾಯಕ್ಕೆ ಕಾಗದದ ಮೇಲೆ ಸಮ್ಮತಿ. ನೀರು ನುಗ್ಗಿದ ದಿನ ಒತ್ತಾಯಪಡಿಸಿದವರ ಸುಳಿವಿಲ್ಲ, ಸಹಿ ಹಾಕಿದವನ ಹೆಸರು ಮಾತ್ರ ಉಂಟು. ಹೀಗಾಗಿ ಪ್ರಾಮಾಣಿಕನು ಸಹಿ ಹಾಕಲು ಅಂಜುತ್ತಾನೆ, ಅಪ್ರಾಮಾಣಿಕನು ಸಹಿಗೆ ಬೆಲೆ ಕಟ್ಟುತ್ತಾನೆ. ಬಹಿರಂಗವಾದ ಭಿನ್ನಾಭಿಪ್ರಾಯದಿಂದ ಪ್ರಜಾಪ್ರಭುತ್ವಕ್ಕೆ ಹಾನಿಯಿಲ್ಲ. ಅದು ಕೆಡುವುದು ಇಂತಹ ಗುಟ್ಟಿನ ಒಮ್ಮತದಿಂದ.

ನಾಲ್ಕನೆಯದಾಗಿ, ನಕ್ಷೆಯೆಂಬುದು ಉಳ್ಳವರ ಶಾಸ್ತ್ರ, ಬಡವನ ಗುಡಿಸಲ ಮೇಲೆಯೇ ಅದರ ಗೆರೆ ಹಾಯುವುದು ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಬೊಂಬಾಯಿಯ ಆ ಸುಧಾರಣಾ ಮಂಡಲಿಯು ಮೊದಮೊದಲು ಕಟ್ಟಿದ ವಸತಿಗಳಿಗಿಂತ ಕೆಡವಿದ ವಸತಿಗಳೇ ಹೆಚ್ಚು. ಆದರೆ ಇದು ಕೆಟ್ಟ ಯೋಜನೆಯ ಮೇಲಣ ದೂರು. ಯೋಜನೆಯೇ ಇಲ್ಲದ ಊರಿನಲ್ಲಿ ಬಡವನು ಸುಖವಾಗಿದ್ದಾನೆಯೆ? ಹಣವುಳ್ಳವನು ದಿನ್ನೆಯ ಮೇಲಿನ ನಿವೇಶನವನ್ನು ಕೊಂಡುಕೊಳ್ಳುತ್ತಾನೆ. ಹಳ್ಳದ ಅಂಚು ಇಲ್ಲದವನ ಪಾಲಿಗೆ ಉಳಿಯುತ್ತದೆ. ಮೊದಲು ನೀರು ನುಗ್ಗುವುದೂ ಅಲ್ಲಿಗೆ, ಒತ್ತುವರಿಯೆಂದು ಯಂತ್ರ ನುಗ್ಗುವುದೂ ಮೊದಲು ಅಲ್ಲಿಗೆ. ಬಡವರಿಗೆ ದುಡಿಮೆಯ ಸ್ಥಳಕ್ಕೆ ಹತ್ತಿರವಾಗಿ, ನೀರು ನಿಲ್ಲದ ನೆಲದಲ್ಲಿ ವಸತಿ ಬೇಕೆಂದು ಸಭೆಯಲ್ಲಿ ಎದ್ದು ಹೇಳುವುದೂ ಯೋಜಕನ ಧರ್ಮದಲ್ಲಿ ಸೇರಿದುದೇ.

ಆದಕಾರಣ ನಾವು ಕೇಳಬೇಕಾದುದು ನಾಲ್ಕು. ಒಂದು: ಜಿಲ್ಲೆಯ ಪ್ರತಿಯೊಂದು ನಗರಸಭೆಗೂ ಈ ಶಾಸ್ತ್ರದಲ್ಲಿ ವ್ಯಾಸಂಗ ಮಾಡಿದ ಯೋಜಕರೊಬ್ಬರು ಇರಬೇಕು, ಐದು ವರ್ಷವಾದರೂ ಒಂದೇ ಊರಿನಲ್ಲಿ ನಿಲ್ಲಬೇಕು, ಅವರು ಸಭೆಗೆ ಉತ್ತರ ಹೇಳತಕ್ಕವರಾಗಿರಬೇಕು. ಎರಡು: ಮನೆ ಕಟ್ಟುವ ಪರವಾನಗಿಯ ನಿತ್ಯದ ಕೆಲಸವನ್ನು ಅವರ ಮೇಜಿನಿಂದ ತೆಗೆದು ಬೇರೆಯವರಿಗೆ ವಹಿಸಬೇಕು. ಮೂರು: ಭೂಮಿಯ ಉಪಯೋಗವನ್ನು ಬದಲಿಸುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದು ಕಾಯಿದೆಯಲ್ಲಿ ಈಗಲೂ ಇದೆ; ಆ ಪ್ರಕಟಣೆಯೊಡನೆ ಯೋಜಕರ ಲಿಖಿತ ಅಭಿಪ್ರಾಯವನ್ನೂ ಸರಳವಾದ ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕು: ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಯೋಜಕರು ಊರಿನ ಕೆರೆ ಕಾಲುವೆ ಕೋಡಿಗಳನ್ನೆಲ್ಲ ವಾರ್ಡಿನ ಹಿರಿಯರೊಡನೆ ನಡೆದು ನೋಡಿ, ಊರಿನ ಸ್ಥಿತಿಯನ್ನು ಕುರಿತು ವರದಿಯೊಂದನ್ನು ಸಭೆಯ ಮುಂದೆ ಓದಬೇಕು. ಇವುಗಳಲ್ಲಿ ಮೊದಲೆರಡಕ್ಕೆ ಸರಕಾರದ ಆಜ್ಞೆ ಬೇಕಾದೀತು. ಕಡೆಯೆರಡನ್ನು ಸಭೆಯೊಂದು ಮನಸ್ಸು ಮಾಡಿದರೆ ಬರುವ ತಿಂಗಳಿನಿಂದಲೇ ಆರಂಭಿಸಬಹುದು.

ಕಡೆಯ ಮಾತು ನಮ್ಮ ನಮ್ಮ ಮನೆಗಳಿಗೆ ಸಂಬಂಧಿಸಿದುದು. ಅಧಿಕಾರಿಗಳನ್ನೂ ಸದಸ್ಯರನ್ನೂ ದೂರುವುದು ಹಿತವಾಗಿರುತ್ತದೆ. ಆದರೆ ಅನುಮೋದನೆಯಿಲ್ಲದ ಕಂದಾಯ ನಿವೇಶನವನ್ನು ಅಗ್ಗವೆಂದು ಕೊಂಡವರು ಯಾರು? ಗಾಳಿಗೂ ಬೆಳಕಿಗೂ ಬಿಡಬೇಕಾದ ಮೂರು ಅಡಿಯ ಜಾಗದಲ್ಲಿ ಸ್ನಾನದ ಮನೆ ಕಟ್ಟಿಸಿದವರು ಯಾರು? ಮುಂದೆ ಎಂದಾದರೂ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುತ್ತಾರೆಂದು ಕಾದು ಕುಳಿತವರು ಯಾರು? ಅಂತಹ ಸಕ್ರಮದ ಏರ್ಪಾಡಿಗೆ ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಹಾಕಿದಾಗ ಬೇಸರಪಟ್ಟವರು ನಮ್ಮ ಬೀದಿಯಲ್ಲಿಯೂ ಇದ್ದರು. ನಿಜವನ್ನು ಮರೆಮಾಚಲಾರೆ, ಈ ಲೇಖಕನ ಮನೆಯಲ್ಲಿಯೂ ಒಬ್ಬರಿದ್ದರು. ವಿದ್ಯಾವಂತರೆನಿಸಿಕೊಂಡ ನಮಗೆ ನಿಯಮ ಬೇಕು, ನೆರೆಯವನಿಗಾಗಿ. ಯೋಜಕನೂ ಬೇಕು, ನಮ್ಮ ಕಡತವನ್ನೊಂದು ಬಿಟ್ಟು ಉಳಿದವನ್ನು ಪರೀಕ್ಷಿಸಲಿಕ್ಕೆ. ಇಂತಹ ಪೌರರಿಗೆ ಮುದ್ರೆಯೊತ್ತುವ ಗುಮಾಸ್ತನಲ್ಲದೆ ಬೇರೆ ಯಾರು ದೊರೆತಾರು?

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ನಮ್ಮ ಊರುಗಳು ಇನ್ನೂ ಪೂರ್ತಿಯಾಗಿ ಕೊಳ್ಳೆಹೋಗಿಲ್ಲ. ಜಿಲ್ಲೆಯ ಸಣ್ಣ ಪಟ್ಟಣಗಳಲ್ಲಿ ಇನ್ನೂ ಕೋಡಿಗಳು ತೆರೆದಿವೆ. ಹಳ್ಳಗಳ ಹೆಸರನ್ನು ಬಲ್ಲ ಮುದುಕರು ಇನ್ನೂ ಬದುಕಿದ್ದಾರೆ. ಮುಂದಿನ ವಾರ್ಡಿನ ಸಭೆಗೆ ಅಂತಹ ಹಿರಿಯರೊಬ್ಬರ ಕೈಹಿಡಿದು ಕರೆದುಕೊಂಡು ಹೋಗೋಣ. ಯೋಜಕರನ್ನು ಕಡತಗಳ ಹಿಂದಿನಿಂದ ಎಬ್ಬಿಸಿ ಅವರ ಪಕ್ಕದಲ್ಲಿ ಕುಳ್ಳಿರಿಸೋಣ. ನೀರು ಹರಿಯುವ ದಾರಿಯನ್ನು ಒಬ್ಬರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಊರಿನ ಮೊದಲನೆಯ ನಕ್ಷೆ ಅಲ್ಲಿಂದ ಆರಂಭವಾಗಲಿ.